ನಿಮ್ಮ 'ಡಿ' ಎಷ್ಟು?

ಮುಂಬಯಿಯಲ್ಲಿ ನಡುವಯಸ್ಸಿನ ಇಬ್ಬರು ಎದುರಾದರೆ ಮಳೆ, ಲೋಕಲ್ ಟ್ರೇನು ಆದಮೇಲೆ ಮೂರನೇ ಮಾತು ಇದೇ. ನಮ್ಮ ಸೊಸೈಟಿಯಲ್ಲಂತೂ ವಾರಕ್ಕೊಂದು 60,000 ಯೂನಿಟ್ಟಿನ ವಿಟಮಿನ್ ಡಿ ನುಂಗದವರೇ ಅಪರೂಪ. ಕೊರತೆಯಿದ್ದು ಡಾಕ್ಟರು ಹೇಳಿದರೆ ನುಂಗಲಿ, ತಕರಾರಿಲ್ಲ. ಆದರೆ "ಡಿ ಏರಿದರೆ ಹಾರ್ಮೋನು ಸರಿಹೋಗುತ್ತೆ, ಹಾರ್ಮೋನು ಸರಿಹೋದರೆ ಹೊಟ್ಟೆ ಇಳಿಯುತ್ತೆ" ಅನ್ನೋ ಹೊಸ ಲೆಕ್ಕ ಮಾತ್ರ ನನಗೆ ಒಪ್ಪಿಗೆಯಿಲ್ಲ. ಇದನ್ನು ನಂಬಿ ಬೆಳಗಿನ ವಾಕಿಂಗ್ ಬಿಟ್ಟವರೂ ಇದ್ದಾರೆ ಮಾರಾಯ್ರೆ!

ನೋಡಿ, ಡಿ ಹೆಸರಿಗೆ ವಿಟಮಿನ್, ಕೆಲಸದಲ್ಲಿ ಅದೇ ಒಂದು ಹಾರ್ಮೋನು. ಬಿಸಿಲಿಗೆ ಚರ್ಮದಲ್ಲಿ ಹುಟ್ಟಿ, ಲಿವರಿನಲ್ಲಿ ಒಂದು ರೂಪ, ಕಿಡ್ನಿಯಲ್ಲಿ ಇನ್ನೊಂದು ರೂಪ ಪಡೆದು, ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುವಂತೆ ಮಾಡುತ್ತೆ. ಅದು ಕಮ್ಮಿಯಾದರೆ ಕುತ್ತಿಗೆಯಲ್ಲಿರೋ ಪ್ಯಾರಾಥೈರಾಯ್ಡ್ ಗ್ರಂಥಿಗಳು ತಮ್ಮ ಹಾರ್ಮೋನು ಏರಿಸಿ ಮೂಳೆಗೆ ಕೈಹಾಕುತ್ತವೆ. ದಪ್ಪಗಿರೋರಲ್ಲಿ ಇದು ಜಾಸ್ತಿ ಕಾಣುತ್ತೆ. ಹಾರ್ಮೋನಿನ ನಂಟು ಸುಳ್ಳಲ್ಲ.

ಸುಳ್ಳಾಗೋದು ದಿಕ್ಕು. ಡಿ ಕೊಬ್ಬಿನಲ್ಲಿ ಕರಗೋ ಜಾತಿ. ಮೈಯಲ್ಲಿ ಕೊಬ್ಬು ಹೆಚ್ಚಿದ್ದಷ್ಟೂ ಅದರೊಳಗೇ ಹಂಚಿಹೋಗಿ ರಕ್ತಕ್ಕೆ ಉಳಿಯೋದು ಕಡಿಮೆ. 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ದಪ್ಪಗಿರೋರಿಗೂ ಉಳಿದವರಿಗೂ ಒಂದೇ ಅಳತೆಯ ಅತಿನೇರಳೆ ಬೆಳಕು ಕೊಟ್ಟರು. ದಪ್ಪಗಿರೋರ ರಕ್ತದಲ್ಲಿ ಡಿ ಏರಿದ್ದು ಶೇಕಡ 57ರಷ್ಟು ಕಡಿಮೆ. ಅವರ ಚರ್ಮದಲ್ಲಿ ಕಚ್ಚಾ ಮಾಲು ಮಾತ್ರ ಅಷ್ಟೇ ಇತ್ತು! 2013ರ ದೊಡ್ಡ ಆನುವಂಶಿಕ ಅಧ್ಯಯನವೂ ಇದನ್ನೇ ಹೇಳಿತು: ತೂಕ ಏರಿದರೆ ಡಿ ಇಳಿಯುತ್ತೆ; ಡಿ ಇಳಿದದ್ದಕ್ಕೆ ತೂಕ ಏರುತ್ತೆ ಅನ್ನೋದಕ್ಕೆ ಪುರಾವೆ ಸಿಗಲಿಲ್ಲ.

ಇನ್ಸುಲಿನ್ ಕಥೆ? ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 2,423 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಾ 4,000 ಯೂನಿಟ್ಟು, ಉಳಿದವರಿಗೆ ಹುಸಿಗುಳಿಗೆ ಕೊಟ್ಟು ಸುಮಾರು ಎರಡೂವರೆ ವರ್ಷ ನೋಡಿದರು. 2019ರಲ್ಲಿ ಬಂದ ಫಲಿತಾಂಶ: ಕಾಯಿಲೆ ತಡೆಯೋದರಲ್ಲಿ ನೆಚ್ಚಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅವರಲ್ಲಿ ಹೆಚ್ಚಿನವರಿಗೆ ಡಿ ಕೊರತೆಯೇ ಇರಲಿಲ್ಲ ಅನ್ನೋದನ್ನೂ ಹೇಳಬೇಕು.

ದಪ್ಪಗಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ಎಲ್ಲರಿಗೂ ಡಿ ಟೆಸ್ಟ್ ಬೇಡ ಅಂತ ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಸಲಹೆ ಕೊಟ್ಟಿದೆ. ನಮ್ಮ ಲ್ಯಾಬುಗಳ 'ಫುಲ್ ಬಾಡಿ ಪ್ಯಾಕೇಜು'ಗಳಿಗೆ ಈ ಸುದ್ದಿ ಮುಟ್ಟಿದ ಹಾಗಿಲ್ಲ, ಬಿಡಿ.

ನನ್ನ ನಿಜವಾದ ಸಿಟ್ಟು ಹಳೇ ಚೀಟಿಯ ಮೇಲೆ. ಎಂಟು ವಾರಕ್ಕೆ ಅಂತ ಬರೆದದ್ದನ್ನೇ ತೋರಿಸಿ ಎರಡು ವರ್ಷ ನುಂಗೋರಿದ್ದಾರೆ, ಕೆಮಿಸ್ಟೂ ಕೇಳದೆ ಕೊಡ್ತಾನೆ. ಬಿ, ಸಿ ಆದರೆ ಹೆಚ್ಚಾದದ್ದು ಬಹುಪಾಲು ಮೂತ್ರದಲ್ಲಿ ಹೋಗುತ್ತೆ. ಡಿ ಹಾಗೆ ಹೋಗಲ್ಲ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಕಿಡ್ನಿಗೂ ಪೆಟ್ಟು. ಮನೆಯಲ್ಲಿ ಅಂಥ ಚೀಟಿ ಇದ್ದರೆ ಒಮ್ಮೆ ತಾರೀಖು ನೋಡಿ.