ಮಾಲೀಶು ಮಾಡಿಸುವ ಮುನ್ನ



ನಮ್ಮದು ಗಾದಿಯ ಮೇಲೆ ಕೂತು ಮಾಡುವ ಕಸುಬು. ಬೆಳಿಗ್ಗೆ ಅಂಗಡಿ ಬಾಗಿಲು ತೆರೆದು ಕೂತರೆ ರಾತ್ರಿ ಖಾತೆ ಬರೆದು ಏಳುವವರೆಗೆ ಸೊಂಟಕ್ಕೆ ಬಿಡುವಿಲ್ಲ. ಅರವತ್ತು ದಾಟಿದ ಮೇಲೆ ಸೊಂಟ, ಮೊಣಕಾಲು, ಹೆಗಲು ಎಲ್ಲವೂ ಹಳೆಯ ಬಾಕಿ ಕೇಳತೊಡಗುತ್ತವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಮನೆಗಳಲ್ಲಿ ಈ ನೋವಿಗೆ ಈಗ ಒಂದೇ ಸಲಹೆ: ಮಾಲೀಶು ಮಾಡಿಸಿರಿ. ಯಾವ ಮಾಲೀಶು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಮಗ ಪೇಟೆಯ ಸ್ಪಾ ಎನ್ನುತ್ತಾನೆ, ಸೊಸೆ ಕೇರಳದ ಹದಿನಾಲ್ಕು ದಿನದ ಪ್ಯಾಕೇಜು ಎನ್ನುತ್ತಾಳೆ, ಅಜ್ಜಿ ಬೆಚ್ಚಗಿನ ಎಳ್ಳೆಣ್ಣೆಯೇ ಸಾಕು ಎನ್ನುತ್ತಾಳೆ. ಬಟ್ಟೆಯ ಥಾನು ಕೊಳ್ಳುವಾಗ ಮುಟ್ಟಿ, ಹಿಡಿದು, ಬೆಳಕಿಗೆ ಹಿಡಿದು ನೋಡುವ ನಾವು ಸ್ವಂತ ದೇಹದ ವಿಷಯದಲ್ಲಿ ಕೇಳದೆ ನೋಡದೆ ಹಣ ಎಣಿಸುವುದು ಸರಿಯಲ್ಲ.

ಮೊದಲು ಲಾಭದ ಲೆಕ್ಕ. ಹೊಸದಾಗಿ ಬಂದ ಸೊಂಟನೋವಿಗೆ ಶಾಖ, ಮಾಲೀಶುಗಳನ್ನು ಮಾತ್ರೆಗಿಂತ ಮೊದಲು ನೋಡಬಹುದೆಂದು ಅಮೇರಿಕದ ವೈದ್ಯರ ಸಂಘವೊಂದು 2017ರಲ್ಲಿ ಸಲಹೆ ಕೊಟ್ಟಿತು. ಆದರೆ 2015ರಲ್ಲಿ ಕೊಕ್ರೇನ್ ಸಂಸ್ಥೆಯವರು ಅದುವರೆಗಿನ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದಾಗ ಕಂಡದ್ದು, ಉಪಶಮನ ಸಿಗುತ್ತದೆ, ಅದು ಬಹುಕಾಲ ನಿಲ್ಲುವುದಿಲ್ಲ ಎಂದು. ಅಂದರೆ ಮಾಲೀಶು ಬಡ್ಡಿ ತೀರಿಸುತ್ತದೆ, ಅಸಲು ಉಳಿಯುತ್ತದೆ. ಅಸಲು ತೀರಬೇಕಾದರೆ ನಡಿಗೆ, ವ್ಯಾಯಾಮ, ಮೈತೂಕ ಇಳಿಸುವುದು ಇವೇ ಬೇಕು. ಮೊಣಕಾಲು ಸವೆದವರಿಗಂತೂ ಇದು ಹೆಚ್ಚು ಸತ್ಯ.

ಇನ್ನು ಬಗೆಗಳು. ಮನೆಯ ಎಣ್ಣೆ ತಿಕ್ಕುವಿಕೆಗೆ ಶಾಸ್ತ್ರದಲ್ಲಿ ಅಭ್ಯಂಗವೆಂದು ಹೆಸರು. ವಾಗ್ಭಟನ ಅಷ್ಟಾಂಗಹೃದಯ ಇದನ್ನು ನಿತ್ಯ ಮಾಡಲು ಹೇಳಿ, ತಲೆ, ಕಿವಿ, ಪಾದಗಳಿಗೆ ವಿಶೇಷವೆಂದು ಒತ್ತಿ ಹೇಳುತ್ತದೆ. ಅಜೀರ್ಣವಿದ್ದವರಿಗೆ ಬೇಡವೆಂದೂ ಹೇಳುತ್ತದೆ. ದಣಿವು, ಒಣಚರ್ಮ, ಸಾಧಾರಣ ಮೈಕೈ ನೋವಿಗೆ ಇದು ಸಾಕು, ಖರ್ಚೂ ಇಲ್ಲ. ಊಟವಾದ ಕೂಡಲೇ ಬೇಡ. ಎಣ್ಣೆ ಹಚ್ಚಿದ ಹಿರಿಯರನ್ನು ಬಚ್ಚಲಿಗೆ ಕೈಹಿಡಿದು ಕರೆದೊಯ್ಯಬೇಕು. ಜಾರಿ ಬಿದ್ದು ತೊಡೆಯೆಲುಬು ಮುರಿದರೆ ಮಾಲೀಶಿನ ಪುಣ್ಯವೆಲ್ಲ ಅಲ್ಲೇ ಹೋಯಿತು.

ಸ್ಪಾಗಳಲ್ಲಿ ಸಿಗುವುದು ಬಹುಮಟ್ಟಿಗೆ ಸ್ವೀಡಿಷ್ ಪದ್ಧತಿ. ಸ್ವೀಡನ್ನಿನ ಪೇರ್ ಹೆನ್ರಿಕ್ ಲಿಂಗ್ (1776–1839) ಹೆಸರಿಗೆ ಇದನ್ನು ಜೋಡಿಸುವುದು ವಾಡಿಕೆಯಾದರೂ ಉಜ್ಜುವ, ಹಿಸುಕುವ, ತಟ್ಟುವ ಪಟ್ಟುಗಳನ್ನು ವಿಂಗಡಿಸಿ ಹೆಸರಿಟ್ಟವರು ಹಾಲೆಂಡಿನ ವೈದ್ಯ ಮೆಜ್ಗರ್. ಕೈ ಮೃದು, ಮನಸ್ಸಿಗೆ ವಿಶ್ರಾಂತಿ. 'ಡೀಪ್ ಟಿಶ್ಯೂ' ಎಂಬುದು ಮೊಣಕೈ, ಹೆಬ್ಬೆರಳುಗಳಿಂದ ಆಳಕ್ಕೆ ಒತ್ತುವ ಬಗೆ; ವ್ಯಾಯಾಮ ಮಾಡುವ ಹುಡುಗರಿಗೆ ಸರಿ, ಎಲುಬು ಸವೆದ ನಮ್ಮಂಥವರಿಗಲ್ಲ. ಥಾಯ್ ಪದ್ಧತಿಯನ್ನು ಯುನೆಸ್ಕೋ 2019ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಮತ್ತು ಜಪಾನಿನ ಶಿಯಾಟ್ಸುವಿನಲ್ಲಿ ಸಾಮಾನ್ಯವಾಗಿ ಎಣ್ಣೆಯಿಲ್ಲ, ಬಟ್ಟೆ ಕಳಚುವಂತಿಲ್ಲ. ಸಂಕೋಚವುಳ್ಳ ನಮ್ಮ ಹೆಣ್ಣುಮಕ್ಕಳಿಗೆ ಇದು ಅನುಕೂಲ. ಆದರೆ ಥಾಯ್ ಪದ್ಧತಿಯಲ್ಲಿ ಮೈ ಎಳೆದು ಬಗ್ಗಿಸುವುದರಿಂದ ಬೆನ್ನುಹುರಿಯ ತೊಂದರೆಯುಳ್ಳವರು ದೂರವಿರಬೇಕು. ಪಾದ ಒತ್ತುವ ರಿಫ್ಲೆಕ್ಸಾಲಜಿ ಹಿತವಾಗಿರುತ್ತದೆ. ಆದರೆ ಅಂಗಾಲು ಒತ್ತಿ ಮೂತ್ರಪಿಂಡದ ರೋಗ ಹೇಳುತ್ತೇವೆ ಎನ್ನುವವರನ್ನು ನಂಬಬೇಡಿರಿ.

ಹೆಗಲು ಎತ್ತಲು ಬಾರದಿದ್ದರೆ, ಪಾರ್ಶ್ವವಾಯು ಆಗಿದ್ದರೆ, ಶಸ್ತ್ರಚಿಕಿತ್ಸೆ ಆಗಿದ್ದರೆ ಮಾಲೀಶಿನವರ ಬಳಿಗಲ್ಲ, ಪದವಿ ಪಡೆದ ಫಿಜಿಯೊಥೆರಪಿಸ್ಟರ ಬಳಿಗೆ ಹೋಗಬೇಕು.

ಕೇರಳದ ಚಿಕಿತ್ಸೆಯದು ಬೇರೆಯೇ ಅಧ್ಯಾಯ. ವಯನಾಡು, ಕಾಸರಗೋಡಿನ ನಮ್ಮ ಬಂಧುಗಳಿಗೆ ಇದು ಮನೆಬಾಗಿಲ ಮಾತು; ಅಲ್ಲಿ ಮಳೆಗಾಲದ ಕರ್ಕಾಟಕ ಮಾಸದಲ್ಲಿ ಮಾಡಿಸುವ ರೂಢಿ. ಬೆಚ್ಚಗಿನ ತೈಲವನ್ನು ಮೈಮೇಲೆ ಧಾರೆಯಾಗಿ ಹಿಂಡುವುದು ಪಿಳಿಚ್ಚಿಲ್. ನವರ ಅಕ್ಕಿಯನ್ನು ಹಾಲು ಮತ್ತು ಬಲಾಮೂಲದ ಕಷಾಯದಲ್ಲಿ ಬೇಯಿಸಿ, ಗಂಟು ಕಟ್ಟಿ ತಿಕ್ಕುವುದು ನವರಕಿಳಿ. ಎಲೆಗಳ ಗಂಟು ಇಲಕಿಳಿ, ಪುಡಿಯ ಗಂಟು ಪೊಡಿಕಿಳಿ, ಹಣೆಯ ಮೇಲೆ ಸುರಿಯುವುದು ಶಿರೋಧಾರೆ. ಹಗ್ಗ ಹಿಡಿದು ಕಾಲಿನಿಂದ ತುಳಿದು ನೀವುವುದು ಕಳರಿಯವರ ಚವಿಟ್ಟಿ ಉಳಿಚ್ಚಿಲ್. ಅದು ಗರಡಿಯ ಮೈಗೆ ಹೇಳಿದ್ದು, ಗಾದಿಯ ಮೈಗಲ್ಲ.

ಇಲ್ಲಿ ಶ್ರಾವಕರಾದ ನಾವು ಕೇಳಲೇಬೇಕಾದ ಪ್ರಶ್ನೆಯೊಂದುಂಟು: ಹಚ್ಚುವ ವಸ್ತುವಿನಲ್ಲಿ ಏನಿದೆ? ಮೊಟ್ಟೆಯ ಗಂಟಿನಿಂದ ಮಾಡುವ ಮುಟ್ಟಕಿಳಿ ಎಂಬುದಿದೆ, ಮಾಂಸದ ಕಿಳಿಯೂ ಇದೆ. ಮಹಾಮಾಷ ತೈಲದ ಒಂದು ಪಾಠದಲ್ಲಿ ಆಡಿನ ಮಾಂಸ ಸೇರುತ್ತದೆ. ಸೇರದ್ದಕ್ಕೆ 'ನಿರಾಮಿಷ ಮಹಾಮಾಷ ತೈಲ' ಎಂದೇ ಹೆಸರು. ಕೂಸುಗಳಿಗೆ ಹಚ್ಚುವ ಲಾಕ್ಷಾದಿ ತೈಲದಲ್ಲಿರುವ ಲಾಕ್ಷಾ ಎಂದರೆ ಅರಗು, ಅದು ಹುಳುಗಳಿಂದ ಬರುವಂಥದು. ಶ್ರಾವಕರಿಗೆ ನಿಷಿದ್ಧವೆಂದು ಹಿರಿಯರು ಹೇಳಿದ ವ್ಯಾಪಾರಗಳಲ್ಲಿ ಅರಗಿನದೂ ಒಂದೆಂಬುದು ನಿಮಗೆ ಗೊತ್ತೇ ಇದೆ. ಧಾನ್ಯಾಮ್ಲ ಧಾರೆಯಲ್ಲಿ ಧಾನ್ಯಗಳನ್ನು ಹುಳಿಯಿಸಿದ ನೀರು ಬಳಸುತ್ತಾರೆ. ನೆಕ್ಕಲು ಕೊಡುವ ಲೇಹ್ಯಗಳಲ್ಲಿ ಜೇನು ಸಾಮಾನ್ಯ. ಕ್ಷೀರಬಲಾದಂತೆ ಎಳ್ಳೆಣ್ಣೆ, ಹಾಲು, ಬೇರುಗಳಿಂದಾದ ತೈಲಗಳೂ ಬೇಕಷ್ಟಿವೆ. ಆದ್ದರಿಂದ ಚಿಕಿತ್ಸೆ ನಿಲ್ಲಿಸಬೇಕಾಗಿಲ್ಲ; ಮೊದಲ ದಿನವೇ ವೈದ್ಯರಿಗೆ ನಮ್ಮ ನಿಯಮಗಳನ್ನು ತಿಳಿಸಿ, ತೈಲದ ಹೆಸರು ಬರೆಯಿಸಿಕೊಂಡರೆ ಆಯಿತು. ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಸೂರ್ಯಾಸ್ತದ ಒಳಗೆ ಊಟ ಸಿಗುವುದೇ ಎಂಬುದನ್ನೂ ಆಗಲೇ ಕೇಳಿಬಿಡಿರಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ಬೀಗರೊಬ್ಬರು ಶಿಖರ್ಜಿ ಯಾತ್ರೆ ಮುಗಿಸಿ ಎರಡು ದಿನ ರೈಲಿನಲ್ಲಿ ಕೂತು ಬಂದರು. ಎಡಗಾಲ ಮೀನಖಂಡ ಬಾತು ಬಿಸಿಯಾಗಿತ್ತು. ಬೆಟ್ಟ ಹತ್ತಿದ ಆಯಾಸವೆಂದು ಮನೆಯವರು ಎಣ್ಣೆ ಕಾಯಿಸಲು ಇಟ್ಟಿದ್ದರು. ಪಕ್ಕದ ಮನೆಯ ನರ್ಸ್ ಹುಡುಗಿ ನೋಡಿದವಳೇ ಕಾಲು ಮುಟ್ಟಬೇಡಿರೆಂದು ಹೇಳಿ ದವಾಖಾನೆಗೆ ಕಳಿಸಿದಳು. ಕಾಲಿನ ಒಳ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ತಿಕ್ಕಿದ್ದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಎರವಾಗಬಹುದಿತ್ತೆಂದು ಡಾಕ್ಟರರು ಹೇಳಿದರು. ಒಂದೇ ಕಾಲು ಬಾತರೆ ಎಣ್ಣೆಯ ಬಟ್ಟಲು ಕೆಳಗಿಡಿರಿ.

ಜ್ವರ, ಚರ್ಮದ ಸೋಂಕು, ಹೊಸ ಪೆಟ್ಟು, ಮುರಿದ ಎಲುಬು ಇದ್ದಾಗಲೂ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಜೋರಾಗಿ ಒತ್ತಿಸಿಕೊಳ್ಳಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಬಿಸಿ ಕಿಳಿಯಿಂದ ಸುಟ್ಟರೂ ಗೊತ್ತಾಗುವುದಿಲ್ಲ. ಮೊದಲು ಬೇರೆಯವರು ಮುಟ್ಟಿ ನೋಡಬೇಕು. ಸೊಂಟನೋವಿನ ಜೊತೆಗೆ ಮೂತ್ರದ ಹಿಡಿತ ತಪ್ಪಿದರೆ, ಕಾಲಲ್ಲಿ ಬಲ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕ್ಷೌರದಂಗಡಿಯಲ್ಲಿ ಕುತ್ತಿಗೆ ಲಟಕ್ಕೆಂದು ತಿರುವಿಸಿಕೊಳ್ಳುವ ಚಟವನ್ನಂತೂ ಇಂದೇ ಬಿಡಿರಿ. ಹೀಗೆ ತಿರುವಿಸಿಕೊಂಡ ಬಳ್ಳಾರಿ ಕಡೆಯ ತರುಣನೊಬ್ಬನಿಗೆ ಕುತ್ತಿಗೆಯ ರಕ್ತನಾಳ ಹರಿದು ಪಾರ್ಶ್ವವಾಯು ಆದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು.

ಕೊನೆಗೆ ವ್ಯಾಪಾರದ ಮಾತು. ತಪಾಸಣೆ ಮಾಡಿದವರು ನೋಂದಾಯಿತ ವೈದ್ಯರೇ? ಬರೀ ಫಲಕ ನೋಡಬೇಡಿರಿ, ಬಿ.ಎ.ಎಂ.ಎಸ್. ಪದವಿ ಮತ್ತು ನೋಂದಣಿ ಸಂಖ್ಯೆ ಕೇಳಿರಿ. ನಾಡಿ ನೋಡುವ ಮೊದಲೇ ಇಪ್ಪತ್ತೊಂದು ದಿನದ ಹಣ ಕೇಳುವವರಿಗೆ ಮೂರು ದಿನದ್ದು ಮಾತ್ರ ಕೊಡಿರಿ. ಗುಣ ಕಂಡರೆ ಮುಂದುವರಿಸೋಣ. ಹೆಂಗಸರಿಗೆ ಹೆಂಗಸರೇ ಮಾಡುವರೇ ಎಂದು ಖಚಿತಪಡಿಸಿಕೊಳ್ಳಿರಿ. ಪಾವತಿಯನ್ನೂ ಓದಿರಿ. ವೈದ್ಯರ ಚಿಕಿತ್ಸೆಗೆ ಸಾಮಾನ್ಯವಾಗಿ ಜಿ.ಎಸ್.ಟಿ. ವಿನಾಯಿತಿ ಇದೆ, ಸ್ಪಾದ ಸೇವೆಗೆ ತೆರಿಗೆ ಉಂಟು. ಚಿಕಿತ್ಸೆ ಎಂದು ಹೇಳಿ ತೆರಿಗೆ ಹಾಕಿದ್ದರೆ, ಅವರೇ ಅದನ್ನು ಚಿಕಿತ್ಸೆಯೆಂದು ಬರೆದಿಲ್ಲವೆಂದು ತಿಳಿಯಿರಿ.

ಇಷ್ಟು ಕೇಳಿದ ಮೇಲೂ ಯಾವುದು ಬೇಕೆಂದು ತೋಚದಿದ್ದರೆ ಅಜ್ಜಿಯ ಎಳ್ಳೆಣ್ಣೆಯಿಂದ ಆರಂಭಿಸಿರಿ. ಅದರ ಜೊತೆಗೆ ಬೆಳಿಗ್ಗೆ ಬಸದಿಗೆ ಗಾಡಿ ಬಿಟ್ಟು ನಡೆದೇ ಹೋಗಿ ಬನ್ನಿರಿ.