ಸನದಿಗೆ ಸೀಮೆಯೇಕೆ?

ಮುಂಡರಗಿಯಿಂದ ಕೊಪ್ಪಳವು ದೂರದ ಊರಲ್ಲ. ತುಂಗಭದ್ರೆಯನ್ನು ದಾಟಿದರೆ ಹೂವಿನಹಡಗಲಿಯ ಸೀಮೆಯು. ಆದರೂ ಪರರ ಆಳಿಕೆಯ ಕಾಲದಲ್ಲಿ ಮುಂಡರಗಿಯು ಮುಂಬಯಿಗೂ, ಕೊಪ್ಪಳವು ನಿಜಾಮರ ಹೈದರಾಬಾದಿಗೂ, ಹಡಗಲಿಯು ಮದ್ರಾಸಿಗೂ ಸೇರಿದ್ದವು. ಕಕ್ಷಿಗಾರರ ನುಡಿಯು ಒಂದೇ. ಅಪೀಲಿಗೆ ಮಾತ್ರ ಮೂರು ಹೈಕೋರ್ಟುಗಳು, ವಕೀಲರಿಗೆ ಮೂರು ಬಗೆಯ ಸನದುಗಳು! ನಿಜಾಮರ ನ್ಯಾಯಾಲಯಗಳಲ್ಲಂತೂ ಉರ್ದುವೇ ಅಧಿಕಾರದ ಭಾಷೆಯಾಗಿದ್ದಿತು. 1953ರಲ್ಲಿ ಬಳ್ಳಾರಿಯ ಸೀಮೆಯೂ, 1956ರ ನವೆಂಬರ 1ರಂದು ಉಳಿದ ಸೀಮೆಗಳೂ ಒಂದಾದವು. ಇಂದು ಈ ಮೂರೂ ಊರುಗಳ ಅಪೀಲುಗಳು 2008ರಲ್ಲಿ ಸ್ಥಾಪಿತವಾದ ಧಾರವಾಡದ ಹೈಕೋರ್ಟು ಪೀಠಕ್ಕೇ ಹೋಗುತ್ತವೆ. ಏಕೀಕರಣದಿಂದ ಬಡವನಿಗೇನು ಲಾಭವೆಂದು ಕೇಳುವವರಿಗೆ ಇದೊಂದೇ ಉತ್ತರವು ಸಾಕು.

ಆದರೆ ಕಾಸರಗೋಡು, ಅಕ್ಕಲಕೋಟೆ, ಜತ್ತಗಳು ಹೊರಗುಳಿದವು. ಅಲ್ಲಿ ಸನದು ಪಡೆದ ಕನ್ನಡಿಗ ತರುಣನು ಗದಗಿನಲ್ಲಿ ನೆಲೆಸಬಯಸಿದರೆ ಏನು ಮಾಡಬೇಕು? 1961ರ ವಕೀಲರ ಕಾಯದೆಯ ಮೇರೆಗೆ ಒಬ್ಬನ ಹೆಸರು ಒಂದೇ ರಾಜ್ಯದ ಪಟ್ಟಿಯಲ್ಲಿರತಕ್ಕದ್ದು. ಆದುದರಿಂದ ಅವನು 18ನೆಯ ಕಲಮಿನಂತೆ ದಿಲ್ಲಿಯ ಭಾರತೀಯ ಬಾರ್ ಕೌನ್ಸಿಲಿಗೆ ಅರ್ಜಿ ಮಾಡಿ, ತನ್ನ ಹೆಸರನ್ನು ವರ್ಗಾಯಿಸಿಕೊಳ್ಳಬೇಕು. ಶಿಸ್ತಿನ ವಿಚಾರಣೆಯು ನಡೆದಿದ್ದರೆ, ಇಲ್ಲವೆ ಅರ್ಜಿಯು ಪ್ರಾಮಾಣಿಕವಲ್ಲವೆಂದು ಕಂಡುಬಂದರೆ, ಕೌನ್ಸಿಲು ಅದನ್ನು ತಳ್ಳಿಹಾಕಬಹುದು. ಇಲ್ಲದಿದ್ದರೆ ಹೆಸರನ್ನು ಯಾವ ಶುಲ್ಕವೂ ಇಲ್ಲದೆ ಹೊಸ ಪಟ್ಟಿಗೆ ಸೇರಿಸತಕ್ಕದ್ದೆಂದೂ, ಮೊದಲಿನ ಹಿರಿತನವು ಉಳಿಯುವುದೆಂದೂ ಕಾಯದೆಯು ಸ್ಪಷ್ಟವಾಗಿ ಹೇಳುತ್ತದೆ.

30ನೆಯ ಕಲಮು 2011ರ ಜೂನ 15ರಿಂದ ಜಾರಿಗೆ ಬಂದಿದೆ; ದೇಶದೆಲ್ಲೆಡೆ ವಕೀಲಿ ಮಾಡುವ ಹಕ್ಕು ದೊರೆತಿದೆ; ಇನ್ನು ವರ್ಗಾವಣೆಯೇಕೆಂದು ಕೆಲವರು ಕೇಳಬಹುದು. ಹೊರಗಿನ ಪಟ್ಟಿಯವರಿಗೆ ಸ್ಥಳೀಯ ವಕೀಲರ ಜತೆಯನ್ನು ಕಡ್ಡಾಯಮಾಡುವ ನಿಯಮಗಳನ್ನು ಹೈಕೋರ್ಟುಗಳು ಮಾಡಬಹುದು. ಕೌನ್ಸಿಲಿನ ಚುನಾವಣೆಯ ಮತವೂ ಪಟ್ಟಿಯನ್ನೇ ಅವಲಂಬಿಸಿದೆ. ಪಟ್ಟಿಯಲ್ಲಿಲ್ಲದವನು ತನ್ನ ನಾಡಿನಲ್ಲಿಯೇ ಅತಿಥಿಯಾಗಿರುವನು.

ಆದುದರಿಂದ ಇಂಥ ಅರ್ಜಿಗಳ ತೀರ್ಮಾನಕ್ಕೆ ನಿಶ್ಚಿತವಾದ ಅವಧಿಯನ್ನು ಗೊತ್ತುಮಾಡಬೇಕೆಂದು ನಾವು ಕೌನ್ಸಿಲುಗಳನ್ನು ಆಗ್ರಹಪೂರ್ವಕವಾಗಿ ಕೇಳುತ್ತೇವೆ. ಕಾಯದೆಯು ಬಿಟ್ಟುಕೊಟ್ಟ ಶುಲ್ಕವು ಬೇರೊಂದು ಹೆಸರಿನಿಂದ ಮರಳಿ ಬರಕೂಡದು.

ನಮ್ಮ ತರುಣ ವಕೀಲರಿಗೂ ಒಂದು ಮಾತು. ಗಡಿಯಾಚೆಯ ಕನ್ನಡ ವಕೀಲರೆಲ್ಲರೂ ಈಚೆಗೆ ಬಂದುಬಿಟ್ಟರೆ, ಅಲ್ಲಿಯ ಕನ್ನಡ ಕಕ್ಷಿಗಾರನು ತನ್ನ ದುಃಖವನ್ನು ಯಾರ ಮುಂದೆ ತೋಡಿಕೊಳ್ಳಬೇಕು? ಈ ಹಾದಿಯು ಎರಡೂ ಕಡೆಗೆ ತೆರೆದಿದೆ. ಇಲ್ಲಿಯ ಕೆಲವರಾದರೂ ಕಾಸರಗೋಡಿಗೂ ಅಕ್ಕಲಕೋಟೆಗೂ ಹೋಗಿ ನಿಲ್ಲಲಿ. ನಕಾಶೆಯ ಗೆರೆಯನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಅದನ್ನು ದಾಟಿ ನೆರವಾಗುವುದು ನಮ್ಮ ಕೈಯಲ್ಲಿಯೇ ಇದೆ.