ಬೆಟ್ಟದ ಮೇಲೆ ವಾಮಕುಕ್ಷಿ

ಭೋಜನಾನಂತರ ಎಡಮಗ್ಗುಲಿಗೆ ಒರಗಿ ಅರ್ಧ ಗಂಟೆ ವಿಶ್ರಮಿಸುವ ಸುಖಕ್ಕೆ ಹಿರಿಯರು ‘ವಾಮಕುಕ್ಷಿ’ ಎಂಬ ಗಂಭೀರ ನಾಮವನ್ನಿತ್ತು, ಅದನ್ನು ಸೋಮಾರಿತನದ ಅಪವಾದದಿಂದ ಪಾರುಮಾಡಿದ್ದಾರೆ. ರಾತ್ರಿಯ ನಿದ್ರೆಯಲ್ಲಿಯೂ ಬಹುಮಂದಿಗೆ ಒಗ್ಗುವುದು ಮಗ್ಗುಲ ಶಯನವೇ. ನಿದ್ರಿಸುವವರ ಭಂಗಿಗಳನ್ನು ಯಂತ್ರಗಳಿಂದ ಅಳೆದು ನೋಡಿದ ಸಂಶೋಧಕರೂ, ವಯಸ್ಕರು ರಾತ್ರಿಯ ಅರ್ಧಕ್ಕಿಂತ ಹೆಚ್ಚು ಕಾಲವನ್ನು ಮಗ್ಗುಲಲ್ಲಿಯೇ ಕಳೆಯುವುದನ್ನು ಕಂಡಿದ್ದಾರೆ. ಮನೆಯ ಹತ್ತಿಯ ಹಾಸಿಗೆಯ ಮೇಲೆ ಇದರಿಂದ ಯಾವ ತೊಡಕೂ ಇಲ್ಲ. ತೊಡಕು ಆರಂಭವಾಗುವುದು ಮನುಷ್ಯನು ಹಾಸಿಗೆಯನ್ನು ಬಿಟ್ಟು ಗುಡಾರವನ್ನು ಸೇರಿದಾಗ.

ಬೆಂಗಳೂರು ಮೈಸೂರುಗಳ ಸಂಸಾರವಂದಿಗರು ರಜೆ ಬಂದೊಡನೆ ಬೆನ್ನಿಗೆ ಚೀಲವೇರಿಸಿ ಬೆಟ್ಟ ಹತ್ತುವುದು ಈಗ ಅಪರೂಪವಲ್ಲ. ಕುಮಾರ ಪರ್ವತ, ಮುಳ್ಳಯ್ಯನಗಿರಿಗಳಿಂದ ಆರಂಭವಾದ ಈ ಹವ್ಯಾಸ ಅನೇಕರನ್ನು ಉತ್ತರಾಖಂಡದ ಕೇದಾರಕಾಂಠದವರೆಗೆ ಕರೆದೊಯ್ದಿದೆ. ಸುಮಾರು 12,500 ಅಡಿ ಎತ್ತರದ ಆ ಶಿಖರದ ಬುಡದಲ್ಲಿ, ಡಿಸೆಂಬರ್ ತಿಂಗಳ ರಾತ್ರಿ, ಹಿಮದ ಮೇಲೆ ಹಾಕಿದ ಗುಡಾರದಲ್ಲಿ ಶೀತವು ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಅಲ್ಲಿ ಮನೆಯ ಕಂಬಳಿ ಸಾಲದು. ಸ್ಲೀಪಿಂಗ್ ಬ್ಯಾಗ್ ಎಂಬ ಮಲಗುವ ಚೀಲವೇ ಗತಿ.

ಐವತ್ತು ದಾಟಿದ ತಾಯಿಯೊಬ್ಬರು ಮಗಳ ಒತ್ತಾಯಕ್ಕೆ ಮಣಿದು ಅಂತಹ ಪ್ರವಾಸಕ್ಕೆ ಒಪ್ಪಿದರೆಂದು ಇಟ್ಟುಕೊಳ್ಳಬಹುದು. “ಅಮ್ಮಾ, ಚೀಲ ಎಲ್ಲಾ ಅವರೇ ಕೊಡ್ತಾರೆ, ನೀನು ಯೋಚನೆ ಮಾಡಬೇಡ” ಎನ್ನುತ್ತಾಳೆ ಮಗಳು. “ಕೊಡೋದು ಕೊಡ್ತಾರೆ ಪುಟ್ಟಿ, ಅದರೊಳಗೆ ಮೊಣಕಾಲು ಮಡಿಸೋದಕ್ಕೆ ಆಗತ್ತಾ?” ಎಂಬುದು ತಾಯಿಯ ಪ್ರಶ್ನೆ. ಮಗಳು ನಕ್ಕರೂ ನಗಬಹುದು. ಆದರೆ ಪ್ರಶ್ನೆ ನಗೆಯದಲ್ಲ. ಶಿಖರಕ್ಕೆ ಹೊರಡುವುದು ನಸುಕಿಗೆ ಮುಂಚೆ, ಕತ್ತಲಲ್ಲಿ. ಹಿಂದಿನ ರಾತ್ರಿ ಭುಜದ ನೋವಿನಿಂದಲೋ ಚಳಿಯಿಂದಲೋ ಕಣ್ಣು ಮುಚ್ಚದವರು ಮರುದಿನ ಹಿಮದ ಇಳಿಜಾರಿನಲ್ಲಿ ತಾವೂ ಎಡವುತ್ತಾರೆ, ಜೊತೆಯವರನ್ನೂ ಆತಂಕಕ್ಕೀಡುಮಾಡುತ್ತಾರೆ.

ಮಾರುಕಟ್ಟೆಯಲ್ಲಿ ಹೆಚ್ಚಾಗಿ ದೊರೆಯುವುದು ‘ಮಮ್ಮಿ’ ಆಕಾರದ ಚೀಲ. ಈಜಿಪ್ಟಿನ ಸುರಕ್ಷಿತ ಶವಗಳನ್ನು ಹೋಲುವುದರಿಂದ ಆ ಹೆಸರು. ಭುಜದ ಬಳಿ ಅಗಲ, ಪಾದದ ಬಳಿ ಕಿರಿದು, ತಲೆಗೊಂದು ಕುಲಾವಿ. ಒಳಗಿನ ಗಾಳಿ ಕಡಿಮೆಯಾದಷ್ಟೂ ದೇಹವು ಅದನ್ನು ಬೇಗ ಬಿಸಿಮಾಡುತ್ತದೆ ಎಂಬುದು ಈ ಆಕಾರದ ತತ್ತ್ವ. ಆದರೆ ಈಜಿಪ್ಟಿನ ಅರಸರು ಮಗ್ಗುಲು ಬದಲಿಸುವವರಲ್ಲ! ಜೀವಂತ ಮನುಷ್ಯನು ಮಗ್ಗುಲಾಗಿ ಮೊಣಕಾಲು ಮಡಿಸಿದಾಗ ಮಂಡಿಯೂ ಸೊಂಟದ ಹಿಂಭಾಗವೂ ಚೀಲದ ಗೋಡೆಯನ್ನು ಒತ್ತುತ್ತವೆ. ಒಳಗೆ ತುಂಬಿದ ವಸ್ತು ಉಬ್ಬಿದ್ದರೆ ಮಾತ್ರ ಬೆಚ್ಚಗಿಡುತ್ತದೆ. ಒತ್ತಿದೆಡೆಯಲ್ಲಿ ಚಳಿ ಒಳಸೇರುತ್ತದೆ.

ಆದುದರಿಂದ ಮಗ್ಗುಲು ಶಯನದವರು ಮೊದಲು ವಿಚಾರಿಸಬೇಕಾದುದು ಸುತ್ತಳತೆಯನ್ನು. ಭುಜದ ಬಳಿ 150–155 ಸೆಂಟಿಮೀಟರ್ ಸುತ್ತಳತೆಯ ಚೀಲ ಹೆಚ್ಚಿನವರಿಗೆ ಬಿಗಿಯಾಗುತ್ತದೆ. 165ರ ಆಸುಪಾಸಿನದಾದರೆ ಕೈಕಾಲು ಆಡಿಸಲು ಎಡೆಯುಂಟು. ಸೊಂಟದ ಮತ್ತು ಮಂಡಿಯ ಅಳತೆಗಳನ್ನೂ ನೋಡತಕ್ಕದ್ದು. ಮಮ್ಮಿ ಚೀಲಕ್ಕೂ ಚೌಕಾಕಾರದ ಚೀಲಕ್ಕೂ ನಡುವಣ ಆಕೃತಿಯವು ಕೆಲವುಂಟು. ಮಂಡಿಯ ಬಳಿ ಮತ್ತೆ ಅಗಲವಾಗುವ, ಚಮಚದ ರೂಪದವೂ ಉಂಟು. ಇವು ಮಗ್ಗುಲಿನವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೊಲಿದವು. ಸ್ತ್ರೀಯರಿಗಾಗಿ ಮಾಡಿದ ಚೀಲಗಳು ಸಾಮಾನ್ಯವಾಗಿ ಸೊಂಟದ ಬಳಿ ಅಗಲವಾಗಿಯೂ ಉದ್ದದಲ್ಲಿ ಕಡಿಮೆಯಾಗಿಯೂ ಇರುತ್ತವೆ. ಹಾಗೆಂದು ಮಿತಿಮೀರಿ ವಿಶಾಲವಾದುದನ್ನು ಕೊಂಡರೆ, ಖಾಲಿ ಜಾಗವನ್ನೆಲ್ಲ ಬಿಸಿಮಾಡುವ ಹೊಣೆ ದೇಹದ ಮೇಲೆಯೇ ಬೀಳುತ್ತದೆ.

ಎರಡನೆಯ ವಿಷಯ ಚೀಲದ್ದಲ್ಲ, ಅದರ ಕೆಳಗಿನ ಹಾಸಿನದು. ದುಬಾರಿ ಚೀಲ ಕೊಂಡು ತೆಳುವಾದ ಹಾಸಿನ ಮೇಲೆ ಮಲಗುವವರೇ ಬಹಳ. ಬೆನ್ನ ಮೇಲೆ ಮಲಗಿದಾಗ ಹರಡಿಕೊಳ್ಳುವ ಭಾರವು ಮಗ್ಗುಲಲ್ಲಿ ಭುಜ, ಸೊಂಟಗಳೆಂಬ ಎರಡು ಸ್ಥಾನಗಳ ಮೇಲೆಯೇ ನಿಲ್ಲುತ್ತದೆ. ಅವರಿಗೆ ಗಾಳಿ ತುಂಬುವ, 7–8 ಸೆಂಟಿಮೀಟರ್ ದಪ್ಪದ ಹಾಸು ಬೇಕು. ಗಾಳಿಯನ್ನು ಬಿಗಿಯಾಗಿ ತುಂಬಿ, ಅದರ ಮೇಲೆ ಮಲಗಿದ ಬಳಿಕ ಸೊಂಟ ನೆಲ ತಾಗದಷ್ಟು ಉಳಿಸಿಕೊಂಡು ಸ್ವಲ್ಪ ಬಿಟ್ಟರೆ ಭುಜಕ್ಕೆ ಹಿತ. ಹಾಸು ನೆಲದ ಶೀತವನ್ನು ಎಷ್ಟು ತಡೆಯುತ್ತದೆ ಎಂಬುದನ್ನು ‘ಆರ್ ಮೌಲ್ಯ’ ಎಂಬ ಅಂಕಿಯಿಂದ ಸೂಚಿಸುತ್ತಾರೆ. ಬೇಸಗೆಗೆ 2 ಸಾಕು. ಹಿಮದ ಮೇಲೆ 5ರ ಆಸುಪಾಸು ಬೇಕು. ಒಂದರ ಮೇಲೊಂದು ಹಾಸಿದರೆ ಈ ಅಂಕಿಗಳು ಕೂಡಿಕೊಳ್ಳುತ್ತವೆ: 2ರ ಫೋಮ್ ಹಾಸಿನ ಮೇಲೆ 3ರ ಗಾಳಿಹಾಸನ್ನಿಟ್ಟರೆ 5 ಆಯಿತು. ಹೊಸದೊಂದನ್ನು ಕೊಳ್ಳುವ ಖರ್ಚು ಇದರಿಂದ ಉಳಿಯಬಹುದು.

ಚೀಲದ ಮೇಲೆ ಮುದ್ರಿತವಾದ ಉಷ್ಣತೆಯ ಅಂಕಿಗಳನ್ನು ಓದುವಲ್ಲಿಯೂ ಎಚ್ಚರ ಬೇಕು. ಅಂತರರಾಷ್ಟ್ರೀಯ ಮಾನದಂಡಕ್ಕೆ ಅನುಸಾರವಾಗಿ ಪರೀಕ್ಷಿಸಿದ ಚೀಲದ ಮೇಲೆ ‘ಕಂಫರ್ಟ್’, ‘ಲಿಮಿಟ್’ ಎಂಬ ಎರಡು ಮುಖ್ಯ ಅಂಕಿಗಳಿರುತ್ತವೆ. ಮೊದಲನೆಯದು ಸಾಧಾರಣ ಸ್ತ್ರೀಯೊಬ್ಬಳು ಮೈ ಸಡಿಲಿಸಿ, ಚಳಿಯಾಗದೆ ಮಲಗಬಲ್ಲ ಉಷ್ಣತೆ. ಎರಡನೆಯದು ಸಾಧಾರಣ ಪುರುಷನೊಬ್ಬನು ಮುದುಡಿಕೊಂಡು, ಹೇಗೋ ನಡುಗದೆ ರಾತ್ರಿ ಕಳೆಯಬಲ್ಲ ಉಷ್ಣತೆ. ಅಂದರೆ ಲಿಮಿಟ್ ಅಂಕಿಯು ಮುದುಡುವಿಕೆಯನ್ನು ಆಗಲೇ ಲೆಕ್ಕಕ್ಕೆ ಹಿಡಿದಿದೆ; ಮಗ್ಗುಲಾಗಿ ಮುದುಡುವವರಿಗೆ ಇನ್ನಷ್ಟು ರಿಯಾಯಿತಿ ದೊರೆಯುವುದಿಲ್ಲ. ‘ಎಕ್ಸ್‌ಟ್ರೀಮ್’ ಎಂಬ ಮೂರನೆಯ ಅಂಕಿಯಂತೂ ಜೀವ ಉಳಿಸಿಕೊಳ್ಳುವುದಕ್ಕೆ ಸಂಬಂಧಿಸಿದ್ದು, ನಿದ್ರೆಗಲ್ಲ. ಆ ಅಂಕಿಯನ್ನೇ ದೊಡ್ಡದಾಗಿ ತೋರಿಸಿ ಮಾರುವ ಅಂಗಡಿಯವರಿದ್ದರೆ, ಕಂಫರ್ಟ್ ಎಷ್ಟೆಂದು ಕೇಳುವುದೇ ಜಾಣತನ.

ಒಳಗೆ ತುಂಬುವ ವಸ್ತು ಎರಡು ಬಗೆಯದು. ಬಾತುಕೋಳಿಯ ಮೃದುವಾದ ತುಪ್ಪಳ ಹಗುರ, ಬೆಚ್ಚಗೆ, ಸಣ್ಣದಾಗಿ ಮಡಿಸಬಹುದು. ಆದರೆ ತೇವ ತಾಗಿದರೆ ಮುದ್ದೆಯಾಗಿ ನಿರುಪಯುಕ್ತವಾಗುತ್ತದೆ, ಬೆಲೆಯೂ ಹೆಚ್ಚು. ಕೃತಕ ನಾರು ಭಾರ, ಜಾಗ ಹಿಡಿಯುವಂತಹುದು. ಆದರೂ ಒದ್ದೆಯಾದಾಗ ಸ್ವಲ್ಪ ಶಾಖವನ್ನು ಉಳಿಸಿಕೊಂಡು ಬೇಗ ಒಣಗುತ್ತದೆ. ಮಲೆನಾಡಿನ ಮಂಜು, ಸೋನೆಗಳಿಗೆ ಎರಡನೆಯದೂ, ಒಣ ಹಿಮದ ಎತ್ತರಕ್ಕೆ ಮೊದಲನೆಯದೂ ಒಪ್ಪುತ್ತವೆ. ಯಾವುದನ್ನೇ ಕೊಂಡರೂ ಮನೆಯಲ್ಲಿ ಬಿಗಿದು ಕಟ್ಟಿಡದೆ ಸಡಿಲವಾಗಿ ತೂಗುಹಾಕಿದರೆ ಅದರ ಉಬ್ಬು ಕೆಡದು.

ತಲೆದಿಂಬನ್ನು ಮರೆಯುವಂತಿಲ್ಲ. ವೇಲ್ಸ್ ದೇಶದ ನ್ಯೂಟೌನ್‌ನಲ್ಲಿ ವ್ಯಾಪಾರಿಯಾಗಿದ್ದ ಪ್ರೈಸ್ ಪ್ರೈಸ್-ಜೋನ್ಸ್ ಎಂಬವರು 1876ರಲ್ಲಿ ಪೇಟೆಂಟ್ ಪಡೆದ ಉಣ್ಣೆಯ ಮಲಗುವ ಹೊದಿಕೆಯಲ್ಲಿಯೇ ಗಾಳಿ ತುಂಬುವ ರಬ್ಬರ್ ದಿಂಬು ಇತ್ತು. ಮಗ್ಗುಲಾದಾಗ ತಲೆಗೂ ನೆಲಕ್ಕೂ ನಡುವೆ ಒಂದು ಭುಜದಷ್ಟು ಅಂತರವುಂಟಾಗುತ್ತದೆ. ಅದು ತುಂಬದಿದ್ದರೆ ಬೆಳಿಗ್ಗೆ ಕತ್ತು ತಿರುಗದು. ಬಟ್ಟೆ ತುಂಬಿದ ಚೀಲವೂ ಆಗಬಹುದು, ಎತ್ತರ ಸಾಲಬೇಕಷ್ಟೆ. ಮಡಿಸಿದ ಸ್ವೆಟರೊಂದನ್ನು ಮಂಡಿಗಳ ನಡುವೆ ಇಟ್ಟುಕೊಂಡರೆ ಸೊಂಟಕ್ಕೂ ಆರಾಮ.

ಇನ್ನೊಂದು ಸಣ್ಣ ಸಂಗತಿ. ಮಗ್ಗುಲು ಬದಲಿಸುವಾಗ ದೇಹ ಮಾತ್ರ ತಿರುಗಿ ಚೀಲ ನಿಂತಲ್ಲೇ ನಿಂತರೆ, ಮೂಗು ಕುಲಾವಿಯ ಒಳಗೆ ಸೇರುತ್ತದೆ. ಉಸಿರಿನ ತೇವವು ಒಳಗೆ ಶೇಖರಿಸಿ ತುಪ್ಪಳವನ್ನು ಕೆಡಿಸುತ್ತದೆ. ಚೀಲವನ್ನೂ ತನ್ನೊಡನೆ ತಿರುಗಿಸಿಕೊಳ್ಳುವ ಅಭ್ಯಾಸ ಒಳ್ಳೆಯದು. ಇಲ್ಲವೇ ಕುಲಾವಿಯನ್ನು ಸಡಿಲಬಿಟ್ಟು ಉಣ್ಣೆಯ ಟೋಪಿ ಧರಿಸಬಹುದು.

ಅಂಗಡಿಯಲ್ಲಿ ಸಂಕೋಚ ಕೂಡದು. ಸೀರೆಯ ಸೆರಗನ್ನು ಬಿಡಿಸಿ ನೋಡದೆ ಕೊಳ್ಳದವರು, ಚೀಲದೊಳಗೆ ಒಮ್ಮೆ ಮಲಗಿ ನೋಡದೆ ಏಕೆ ಕೊಳ್ಳಬೇಕು? ಬೆಚ್ಚಗಿನ ಉಡುಪನ್ನು ತೊಟ್ಟೇ ಒಳಹೊಕ್ಕು, ಜಿಪ್ ಏರಿಸಿ, ಎಡಕ್ಕೂ ಬಲಕ್ಕೂ ತಿರುಗಿ, ಮೊಣಕಾಲು ಮಡಿಸಿ ನೋಡಬೇಕು. ವರ್ಷಕ್ಕೊಮ್ಮೆ ಹೋಗುವವರು ಬಾಡಿಗೆಗೆ ತರುವುದೇ ಲೇಸು. ಚಾರಣದ ವ್ಯವಸ್ಥಾಪಕರೇ ಚೀಲ ಕೊಡುವುದಾದರೆ, ಅದರ ಕಂಫರ್ಟ್ ಅಂಕಿಯನ್ನೂ ಹಾಸಿನ ದಪ್ಪವನ್ನೂ ಹಣ ಕಟ್ಟುವ ಮುನ್ನವೇ ಕೇಳಿಕೊಂಡು, ಕೊರತೆಗೆ ತಕ್ಕಂತೆ ದಿಂಬನ್ನೋ ಗಾಳಿಹಾಸನ್ನೋ ಜೊತೆಗೆ ಒಯ್ಯಬಹುದು.

ಹೊರಡುವ ವಾರ ಮುಂಚೆ ಒಂದು ರಾತ್ರಿ ನಡುಮನೆಯ ನೆಲದ ಮೇಲೆ ಹಾಸು ಹಾಸಿ, ಅದರ ಮೇಲೆ ಚೀಲವನ್ನು ಹರಡಿ ಮಲಗಿ ನೋಡುವುದು ಉತ್ತಮ. ಬೆಂಗಳೂರಿನ ಹವೆಗೆ ಜಿಪ್ ಪೂರ್ತಿ ಏರಿಸಬೇಕಾಗದು. ಭುಜವೂ ಸೊಂಟವೂ ತಮ್ಮ ಅಭಿಪ್ರಾಯವನ್ನು ಬೆಳಗಿನೊಳಗೆ ತಿಳಿಸುತ್ತವೆ. ದೂರು ಬಂದರೆ ಅಂಗಡಿ ಇನ್ನೂ ಹತ್ತಿರದಲ್ಲಿದೆ. ಹಿಮದ ಮೇಲೆ ಬಂದ ದೂರಿಗೆ ಪರಿಹಾರ ಬಹು ದೂರ.